ದಮ್ಮಿನ ವೇಳಾಪಟ್ಟಿ

ಹೊಗೆ ಎನ್ನುವುದು ಯಾವಾಗಲೂ ಪಕ್ಕದ ಮನೆಯಿಂದ ಬರುವ ವಸ್ತು ಎಂದು ನಾನು ಬಹಳ ವರ್ಷ ನಂಬಿಕೊಂಡಿದ್ದೆ. ನಮ್ಮದೇ ಮನೆಯಲ್ಲಿ ಎದ್ದರೆ ಅದಕ್ಕೆ ಬೇರೆ ಬೇರೆ ಮರ್ಯಾದೆಯ ಹೆಸರುಗಳಿರುತ್ತವೆ. ದೇವರ ಮನೆಯಿಂದ ಬಂದರೆ ಧೂಪ, ಅಡುಗೆ ಮನೆಯಿಂದ ಬಂದರೆ ಒಗ್ಗರಣೆ, ಮಂಚದ ಕೆಳಗಿನಿಂದ ಬಂದರೆ ಸೊಳ್ಳೆಬತ್ತಿ. ಗೋಡೆಯ ಆಚೆಯಿಂದ ಬಂದದ್ದು ಮಾತ್ರ ಹೊಗೆ, ಅದನ್ನು ಎಬ್ಬಿಸಿದವರಿಗೆ ಮಾತ್ರ ಬುದ್ಧಿ ಇಲ್ಲ. ಈ ನಂಬಿಕೆಯಿಂದ ನಾನು ಹೋದ ಚಳಿಗಾಲದಲ್ಲಿ ಮುಖ ಕೆಳಗೆ ಮಾಡಿಕೊಂಡು ಹೊರಗೆ ಬಂದೆ. ಹೇಗೆ ಬಂದೆ ಎನ್ನುವುದನ್ನು ನಾನೇ ಹೇಳಿಬಿಡುವುದು ಒಳ್ಳೆಯದು. ಇಲ್ಲವಾದರೆ ನಮ್ಮ ಅವ್ವ ಹೇಳುತ್ತಾಳೆ, ಅವಳು ಹೇಳಿದರೆ ಇದಕ್ಕಿಂತ ಉದ್ದವಾಗುತ್ತದೆ.

ಮೊದಲು ನನ್ನ ಪರಿಚಯ. ನಾನು ರಾಯಬಾಗದ ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್. ಯಾವ ಬಸ್ಸು ಎಷ್ಟಕ್ಕೆ ಬಂತು, ಎಷ್ಟಕ್ಕೆ ಹೋಯಿತು, ತಡವಾಗಿದ್ದರೆ ಕಾರಣವೇನು ಎಂದು ರಿಜಿಸ್ಟರಿನಲ್ಲಿ ಬರೆಯುವುದು ಮತ್ತು ಮೈಕಿನಲ್ಲಿ ಕೂಗುವುದು ನನ್ನ ಕೆಲಸ. ಬರೀ ಊರಿನ ಹೆಸರು ಕೂಗುತ್ತ ಕೂತರೆ ಮನುಷ್ಯ ಒಣಗಿಹೋಗುತ್ತಾನೆಂದು ನಾನು ನಡುನಡುವೆ ಒಂದೊಂದು ಜೋಕು ಸೇರಿಸುವ ರೂಢಿ ಇಟ್ಟುಕೊಂಡಿದ್ದೇನೆ. "ದಿಗ್ಗೇವಾಡಿ ಅಜ್ಜಾರ, ನಿಮ್ಮ ಬಸ್ ಹೊಂಟೈತಿ. ಉಳಿದ ಚಾ ನಾಳೆ ಬಂದು ಕುಡೀರಿ" ಎಂದರೆ ಕ್ಯಾಂಟೀನಿನ ಕಡೆಯಿಂದ ನಾಲ್ಕು ಮಂದಿ ಅಜ್ಜಂದಿರು ಒಮ್ಮೆಲೇ ಏಳುತ್ತಾರೆ. ಜನ ನಗುತ್ತಾರೋ ಇಲ್ಲವೋ ಎಂದು ಗಾಜಿನ ಕಿಟಕಿಯಿಂದ ನೋಡುತ್ತೇನೆ. ಕಬ್ಬು ಬೆಳೆಯುವ ಜನ ಬಸ್ಸಿಗೆ ಕಾಯುವಾಗ ಅಷ್ಟು ಸುಲಭಕ್ಕೆ ನಗುವುದಿಲ್ಲ.

ಆದರೆ ನನ್ನ ಜೋಕುಗಳಿಗೆ ನಿಜವಾದ ಶ್ರೋತೃ ಮನೆಯಲ್ಲಿದ್ದಳು. ನನ್ನ ಹೆಂಡತಿ ಕಸ್ತೂರಿ. ಅವಳ ಊರೂ ದಿಗ್ಗೇವಾಡಿಯೇ. ಕನ್ಯೆ ನೋಡಲು ಹೋದ ದಿನ ಅವರು ನನ್ನನ್ನು ಕೂರಿಸಿದ ಕುರ್ಚಿಗೆ ಮೂರೇ ಕಾಲು ಸರಿ ಇದ್ದವು. ಅವಲಕ್ಕಿ ಚೂಡಾದ ತಾಟು ಕೈಯಲ್ಲಿ ಹಿಡಿದುಕೊಂಡೇ ನಾನು ಹಿಂದಕ್ಕೆ ಮಗುಚಿಕೊಂಡೆ. ಹಿರಿಯರೆಲ್ಲ ಗಂಭೀರವಾಗಿ ನನ್ನ ತಲೆಯ ಮೇಲಿನ ಚೂಡಾ ಝಾಡಿಸುತ್ತಿರುವಾಗ ಒಳಮನೆಯಿಂದ ಒಂದು ನಗು ಕೇಳಿಸಿತು. ಸಣ್ಣದಾಗಿ ಶುರುವಾಗಿ, ತಡೆಯಲು ನೋಡಿ, ತಡೆಯಲಾಗದೆ, ಕೊನೆಗೆ ಗೋಡೆಯನ್ನು ಹಿಡಿದುಕೊಂಡು ನಗುವ ನಗು. ಮುಖ ನೋಡುವ ಮೊದಲೇ ನಾನು ಮನಸ್ಸಿನಲ್ಲಿ ಹೂಂ ಎಂದಿದ್ದೆ. ಆಮೇಲೆ ಇಷ್ಟು ವರ್ಷ ಆ ನಗು ನಮ್ಮ ಓಣಿಯ ಈ ತುದಿಯಿಂದ ಆ ತುದಿಯವರೆಗೆ ಕೇಳುತ್ತಿತ್ತು. ಬಸ್ ಸ್ಟ್ಯಾಂಡಿನಲ್ಲಿ ಬಿದ್ದುಹೋದ ಜೋಕುಗಳನ್ನು ಮನೆಗೆ ತಂದು ಹೇಳಿದರೆ ಅವೂ ಅಲ್ಲಿ ಎದ್ದು ನಿಲ್ಲುತ್ತಿದ್ದವು.

ಎರಡು ವರ್ಷದ ಹಿಂದೆ ಆ ನಗುವಿನ ಬಾಲಕ್ಕೆ ಒಂದು ಕೆಮ್ಮು ಹತ್ತಿಕೊಂಡಿತು. ಮೊದಮೊದಲು ನೆಗಡಿ ಇರಬೇಕೆಂದೆವು. ಆಮೇಲೆ ಕೆಮ್ಮಿನ ಬಾಲಕ್ಕೆ ಸುಂಯ್ ಎಂಬ ಸೀಟಿ ಬಂತು. ಮುಂಜಾನೆ ರೊಟ್ಟಿ ಬಡಿಯುತ್ತ ಬಡಿಯುತ್ತ ಕೈ ನಿಲ್ಲಿಸಿ, ಕಟ್ಟೆಗೆ ಎರಡೂ ಅಂಗೈ ಊರಿ, ಉಸಿರನ್ನು ಎಲ್ಲಿಂದಲೋ ಎಳೆದು ತರುವವಳಂತೆ ನಿಲ್ಲುತ್ತಿದ್ದಳು. ನಮ್ಮ ಕಡೆ ಇದಕ್ಕೆ ದಮ್ಮು ಎನ್ನುತ್ತಾರೆ. ಬರಬರುತ್ತ ಕಸ್ತೂರಿ ನಗುವುದನ್ನೇ ಕಡಿಮೆ ಮಾಡಿದಳು. ನಾನು ಏನಾದರೂ ಹೇಳಲು ಬಾಯಿ ತೆರೆದರೆ, ಸೆರಗು ಬಾಯಿಗೆ ಒತ್ತಿಕೊಂಡು, "ಈಗ ಬ್ಯಾಡ್ರಿ, ಆಮ್ಯಾಲ ಹೇಳ್ರಿ" ಎಂದು ಎದ್ದು ಹೋಗುತ್ತಿದ್ದಳು. ಆ ಆಮೇಲೆ ಎಂಬುದು ಬರುತ್ತಲೇ ಇರಲಿಲ್ಲ. ಮನೆ ಹೇಗಾಗಿತ್ತೆಂದರೆ, ಎಲ್ಲರೂ ಇದ್ದರೂ ಯಾರೋ ಊರಿಗೆ ಹೋಗಿದ್ದಾರೆ ಅನ್ನಿಸುತ್ತಿತ್ತು. ನನಗೆ ಹೆದರಿಕೆಯೂ ಆಯಿತು, ದುಃಖವೂ ಆಯಿತು. ನನ್ನದು ಏನಾದರೂ ಆದರೆ ಡಂಗುರ ಸಾರುವ ಸ್ವಭಾವ, ಆದರೆ ಈ ದುಃಖವನ್ನು ಯಾರಿಗೆ ಹೇಳುವುದೆಂದು ಗೊತ್ತಾಗಲಿಲ್ಲ.

ಚಿಕ್ಕೋಡಿಯಲ್ಲಿ ಒಬ್ಬ ಡಾಕ್ಟರಮ್ಮನಿಗೆ ತೋರಿಸಿದೆವು. ಸಣ್ಣ ವಯಸ್ಸು, ಆದರೆ ಹಿರಿಯರನ್ನು ಗದರಿಸುವುದರಲ್ಲಿ ಪಳಗಿದ ಕೈ. ಎದೆ, ಬೆನ್ನು ಎಲ್ಲ ನೋಡಿ, ಊದಿಸಿ ನೋಡಿ, ಇದು ಅಸ್ತಮಾ ಎಂದರು. ಬಾಯಲ್ಲಿ ಎಳೆದುಕೊಳ್ಳುವ ಪಂಪು ಬರೆದುಕೊಟ್ಟರು. ನಮ್ಮ ಅವ್ವನ ಪರವಾಗಿ ನಾನು, "ಪಂಪ್ ಹಚ್ಚಿದ್ರ ಚಟ ಆಕ್ಕೈತಿ ಅಂತಾರಲ್ರಿ?" ಎಂದೆ. ಅವರು ನನ್ನ ಮೂಗಿನ ಮೇಲಿನ ಕನ್ನಡಕದ ಕಡೆ ಬೆರಳು ತೋರಿಸಿ, "ನೀವು ಚಾಳೀಸ ಹಾಕ್ಕೊಂಡೀರಿ. ಅದು ಚಟ ಏನ್ರಿ?" ಎಂದರು. ಕಸ್ತೂರಿ ನಗಲು ಹೋಗಿ ಕೆಮ್ಮಿದಳು. ಡಾಕ್ಟರಮ್ಮ ಮುಂದುವರಿಸಿ, ಔಷಧಿ ಅದರ ಕೆಲಸ ಮಾಡುತ್ತದೆ, ಆದರೆ ದಮ್ಮನ್ನು ಎಬ್ಬಿಸುವ ವಸ್ತು ಮನೆಯಲ್ಲೇ ಕೂತಿದ್ದರೆ ಔಷಧಿ ತಾನೇ ಎಷ್ಟು ಓಡಾಡೀತು ಎಂದು ಒಂದು ಪಟ್ಟಿ ಹೇಳಿದರು. ಹೊಗೆ, ಧೂಳು, ಖಾರದ ಘಾಟು, ಊದಿನಕಡ್ಡಿ, ಥಂಡಿ ಗಾಳಿ, ಅತ್ತರು. ಕೆಲವರಿಗೆ ಜೋರಾಗಿ ನಕ್ಕರೂ ಬರುತ್ತದಂತೆ. "ಯಾವಾಗ ಬರತೈತಿ, ಆವಾಗ ಮನ್ಯಾಗ ಏನ ನಡದಿರತೈತಿ, ಎಲ್ಲಾ ಬರದಿಟ್ಟು ತಿಂಗಳ ಬಿಟ್ಟು ಬರ್ರಿ" ಎಂದರು.

ಬರೆದಿಡುವುದು ಎಂದರೆ ನನ್ನ ಎದೆ ಉಬ್ಬಿತು. ಇಡೀ ಚಿಕ್ಕೋಡಿಯಲ್ಲಿ ಈ ಕೆಲಸಕ್ಕೆ ನನಗಿಂತ ಯೋಗ್ಯ ಗಂಡ ಸಿಗಲಾರ. ಮನೆಗೆ ಬಂದವನೇ ಇನ್ನೂರು ಪುಟದ ನೋಟುಬುಕ್ಕು ತಂದು ಗೆರೆ ಎಳೆದೆ. ಬಂದ ವೇಳೆ, ಹೋದ ವೇಳೆ, ಕಾರಣ. ನಮ್ಮ ಬಸ್ಸಿನ ರಿಜಿಸ್ಟರಿನಂತೆಯೇ. ವೇಳೆಗಳನ್ನು ಕಸ್ತೂರಿ ಬರೆಯಬೇಕು, ಏಕೆಂದರೆ ದಮ್ಮು ಅವಳದು. ಕಾರಣ ಮಾತ್ರ ನಾನು ಬರೆಯುತ್ತೇನೆ, ಏಕೆಂದರೆ ಅನುಭವ ನನ್ನದು. ಅವಳು ದಿನಾಲೂ ತಪ್ಪದೆ ಬರೆದಳು. ಬಂದ ವೇಳೆ ಮುಂಜಾನೆ ಆರು ಐದು, ಹೋದ ವೇಳೆ ಆರು ನಲವತ್ತು. ಬಂದ ವೇಳೆ ಆರು, ಹೋದ ವೇಳೆ ಏಳು. ನಾನು ಡ್ಯೂಟಿಯಿಂದ ಬಂದವನು ಕನ್ನಡಕ ಒರೆಸಿಕೊಂಡು, ಸುತ್ತಲೂ ಒಮ್ಮೆ ಮೂಗು ತಿರುಗಿಸಿ, ಕಾರಣದ ಮನೆ ತುಂಬುತ್ತಿದ್ದೆ.

ಮೊದಲ ಕಾರಣ ಅವ್ವ. ಅವ್ವ ದಿನಾ ಸಂಜೆ ಕುಳ್ಳಿನ ಕೆಂಡದ ಮೇಲೆ ಲೋಬಾನ ಹಾಕಿ, ದೇವರಿಂದ ಹಿಡಿದು ಸೈಕಲ್ಲಿನವರೆಗೆ ಮನೆಯ ಸಕಲ ವಸ್ತುಗಳಿಗೂ ಹೊಗೆ ತೋರಿಸುತ್ತಾಳೆ. ಸಂಜೆಯ ಲೋಬಾನಕ್ಕೂ ಮುಂಜಾನೆಯ ದಮ್ಮಿಗೂ ಏನು ಸಂಬಂಧ ಎಂದು ನಿಮಗೆ ಅನ್ನಿಸಬಹುದು. ನನಗೆ ಅನ್ನಿಸಲಿಲ್ಲ. ನಮ್ಮಲ್ಲಿ ವಸ್ತಿ ಬಸ್ಸು ಎಂದು ಇರುತ್ತದೆ. ಸಂಜೆ ಹಳ್ಳಿಗೆ ಹೋಗಿ, ಅಲ್ಲೇ ಉಳಿದು, ಬೆಳಗಾದ ಮೇಲೆ ತಿರುಗಿ ಹೊರಡುತ್ತದೆ. ಅದೇ ಪ್ರಕಾರ ಲೋಬಾನದ ಹೊಗೆ ಸಂಜೆ ಎದೆಗೆ ಹೋಗಿ, ವಸ್ತಿ ಮಾಡಿ, ಮುಂಜಾನೆ ಆರಕ್ಕೆ ಬಿಡುತ್ತದೆ ಎಂದು ಅವ್ವನಿಗೆ ವಿವರಿಸಿದೆ. ಅವಳು ಪೂರ್ತಿ ಕೇಳಿದಳು. "ನಿಮ್ಮಪ್ಪ ಇದ್ದಾಗಿಂದ ಹಾಕಾಕತ್ತೀನಿ. ಆವಾಗ ಬರದ ದಮ್ಮು ಈಗ ನಿನ್ನ ಬಸ್ ಹತ್ತಿ ಬಂತೇನ್ಲೇ?" ಎಂದಳು. ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು. ಆದರೆ ಸೊಸೆಯ ಮೇಲಿನ ಮಮತೆಯಿಂದ ಲೋಬಾನದ ಪಾತ್ರೆಯನ್ನು ಅಂಗಳದ ತುಳಸಿಕಟ್ಟೆಗೆ ಸಾಗಿಸಿದಳು. ನೋಟುಬುಕ್ಕಿನಲ್ಲಿ ಮಾರನೆಯ ದಿನ: ಬಂದ ವೇಳೆ ಆರು ಐದು.

ಎರಡನೆಯ ಕಾರಣ ಪಕ್ಕದ ಮನೆಯ ತಾರಾಬಾಯಿ. ಇವರದು ನಿಪ್ಪಾಣಿ ಕಡೆಯ ತವರು, ಮಾತಿನಲ್ಲಿ ಅರ್ಧ ಮರಾಠಿ. ಆ ಕಡೆಯ ಹೆಣ್ಣುಮಕ್ಕಳು ತಂಬಾಕನ್ನು ಹಂಚಿನ ಮೇಲೆ ಕರಕಾಗುವಂತೆ ಹುರಿದು, ಪುಡಿ ಮಾಡಿ, ಅದರಲ್ಲಿ ಹಲ್ಲು ತಿಕ್ಕುತ್ತಾರೆ. ಮಿಸ್ರಿ ಎಂದು ಹೆಸರು. ತಾರಾಬಾಯಿ ಮಿಸ್ರಿ ಹುರಿಯಲು ಕೂತರೆಂದರೆ ಓಣಿಯ ನಾಯಿಗಳೂ ಸೀನುತ್ತ ಆಚೆಯ ಓಣಿಗೆ ಹೋಗುತ್ತವೆ. ನಾನು ಗೋಡೆಯ ಹತ್ತಿರ ನಿಂತು, ಬಹಳ ಗೌರವದಿಂದ, ಮೈಕಿನ ಧ್ವನಿಯಲ್ಲಿ ವಿಷಯ ತಿಳಿಸಿದೆ. ಅವರು ಹಂಚು ಹಿಡಿದುಕೊಂಡೇ ಗೋಡೆಗೆ ಬಂದರು. "ಕಾಯ್ ಹೋ ಸಾಹೇಬ್ರ! ನಾ ಹುರಿಯೂದ ವಾರಕ್ಕ ಒಂದ ಸಲ, ಅದೂ ಐತವಾರ ಮಧ್ಯಾಹ್ನ. ನಿಮ್ಮ ಮನಿಯವ್ರಿಗೆ ದಮ್ಮು ಹತ್ತೂದ ದಿನಾ ಮುಂಜಾನೆ. ನನ್ನ ಮಿಸ್ರಿ ಏನ ಅಲಾರಮ್ ಇಟ್ಕೊಂಡ ಏಳತೈತೇನ್ರಿ?" ಎಂದು ಕೇಳಿದರು. ನನ್ನ ಬಳಿ ವಸ್ತಿ ಬಸ್ಸಿನ ಉತ್ತರ ಇತ್ತು, ಆದರೆ ಕೈಯಲ್ಲಿ ಬಿಸಿ ಹಂಚಿದ್ದವರಿಗೆ ಅದನ್ನು ಹೇಳಲು ಧೈರ್ಯವಾಗಲಿಲ್ಲ. ಪಾಪ, ಅವರು ಅಂದಿನಿಂದ ಹಂಚು, ತಂಬಾಕು ಕಟ್ಟಿಕೊಂಡು ತಮ್ಮ ಹೊಲದ ಗುಡಿಸಲಿಗೆ ಹೋಗಿ ಹುರಿಯತೊಡಗಿದರು. ನೋಟುಬುಕ್ಕಿನಲ್ಲಿ ಮಾತ್ರ ಅದೇ ಆರು ಐದು.

ಆಮೇಲೆ ನಾನು ಒಗ್ಗರಣೆ ಬಂದ್ ಮಾಡಿಸಿದೆ. ನಾಲ್ಕು ದಿನ ಒಗ್ಗರಣೆ ಇಲ್ಲದ ಸಾರು ಉಂಡೆವು. ಐದನೆಯ ದಿನ ಅವ್ವ ತಾಟನ್ನು ನನ್ನ ಕಡೆ ಸರಿಸಿ, ದವಾಖಾನೆಗೆ ಸೇರಿಸುವುದಿದ್ದರೆ ನೇರವಾಗಿ ಸೇರಿಸು, ಮನೆಯಲ್ಲೇ ಯಾಕೆ ಪಥ್ಯದ ಊಟ ಎಂದಳು. ಆಮೇಲೆ ರವದಿ. ಕಬ್ಬು ಕಡಿದ ಮೇಲೆ ಹೊಲದಲ್ಲಿ ಉಳಿಯುವ ಒಣ ಗರಿಗೆ ನಾವು ರವದಿ ಎನ್ನುತ್ತೇವೆ. ಅದಕ್ಕೆ ಬೆಂಕಿ ಹಚ್ಚಿದರೆ ಕರಿಯ ಬೂದಿ ಊರ ಮೇಲೆಲ್ಲ ಹಾರಿ, ಒಣಹಾಕಿದ ಧೋತರದ ಮೇಲೆ ಕೂರುತ್ತದೆ. ಇದು ಖಂಡಿತ ಕೆಟ್ಟದ್ದೇ. ಕಸ್ತೂರಿಗೆ ಅದರಿಂದ ಎರಡು ಸಂಜೆ ತ್ರಾಸಾಗಿದ್ದು ನೋಟುಬುಕ್ಕಿನಲ್ಲೂ ಇದೆ. ನಾನು ಸುಮ್ಮನಿರಲಾರದೆ ಮೈಕಿನಲ್ಲಿ, "ರವದಿ ಸುಡುವ ರೈತ ಬಾಂಧವರು ಇನ್ನೊಬ್ಬರ ಉಸಿರಿನ ಬಗ್ಗೆ ಸ್ವಲ್ಪ ವಿಚಾರ ಮಾಡಬೇಕು" ಎಂದು ಘೋಷಿಸಿದೆ. ಒಬ್ಬ ಹಿರಿಯ ರೈತರು ಕಿಟಕಿಯ ಹತ್ತಿರ ಬಂದು, ಸ್ಟ್ಯಾಂಡಿನಲ್ಲಿ ಇಂಜಿನ್ ಚಾಲೂ ಇಟ್ಟುಕೊಂಡು ಕರಿಯ ಹೊಗೆ ಬಿಡುತ್ತ ನಿಂತಿದ್ದ ಬಸ್ಸಿನ ಕಡೆ ಬೆರಳು ತೋರಿಸಿ, "ಮದ್ಲ ನಿಮ್ಮ ಈ ರವದಿ ಆರಿಸ್ರಿ ಸಾಹೇಬ್ರ" ಎಂದರು. ನಾನು ಮೈಕಿನ ಬಟನ್ ಬಂದ್ ಮಾಡಿದೆ.

ಇಷ್ಟರಲ್ಲಿ ಐಗಳಿಯಲ್ಲಿ ನಮ್ಮ ಸೋದರಮಾವನ ಮಗನ ಹೊಸ ಮನೆಯ ವಾಸ್ತುಶಾಂತಿ ಬಂತು. ನಾನೊಬ್ಬನೇ ಹೋಗಿ ಎರಡು ದಿನ ಇದ್ದು ಬಂದೆ. ಬಂದು ನೋಡಿದರೆ ನೋಟುಬುಕ್ಕಿನಲ್ಲಿ ಆ ಎರಡೂ ದಿನ ಖಾಲಿ. ದಮ್ಮು ಬಂದೇ ಇಲ್ಲ. ಕಸ್ತೂರಿಯ ಮುಖದಲ್ಲಿ ಕಳೆ ಬಂದಿತ್ತು. ಯಾವ ಗಂಡನಿಗೂ ಇದು ಅಷ್ಟು ಹಿತವಾದ ಸುದ್ದಿ ಅಲ್ಲ. ನಾನು ಇಲ್ಲದ ಎರಡು ದಿನ ಈ ಮನೆಯಲ್ಲಿ ಏನು ಇರಲಿಲ್ಲ ಎಂದು ಬಹಳ ಹೊತ್ತು ವಿಚಾರ ಮಾಡಿದೆ. ಒಮ್ಮೆಲೇ ಹೊಳೆಯಿತು. ಜೋಕು ಇರಲಿಲ್ಲ! ಜೋರಾಗಿ ನಕ್ಕರೂ ಬರುತ್ತದೆ ಎಂದು ಡಾಕ್ಟರಮ್ಮ ಹೇಳಿರಲಿಲ್ಲವೇ? ನನ್ನ ಹಾಸ್ಯ ಇಷ್ಟು ತೀಕ್ಷ್ಣವಾದದ್ದೆಂದು ನನಗೇ ಗೊತ್ತಿರಲಿಲ್ಲ. ಕಾರಣದ ಮನೆಯಲ್ಲಿ ದುಃಖದಿಂದಲೂ ಒಂಚೂರು ಹೆಮ್ಮೆಯಿಂದಲೂ 'ನನ್ನ ಜೋಕುಗಳು' ಎಂದು ಬರೆದೆ.

ಅಂದಿನಿಂದ ಹದಿನೈದು ದಿನ ಜೋಕು ವ್ರತ ಹಿಡಿದೆ. ಮನೆಯಲ್ಲಿ ಬೇಕಾದಷ್ಟೇ ಮಾತು. ರೂಢಿ ತಪ್ಪಬಾರದೆಂದು ಬಸ್ ಸ್ಟ್ಯಾಂಡಿನಲ್ಲೂ ಹಾಗೇ. ಜನ ಹತ್ತಿರ ಬಂದು, ಸಾಹೇಬರಿಗೆ ಏನಾಯಿತು ಎಂದು ಕೇಳುತ್ತಾರೆಂದು ಕಾದೆ. ಒಬ್ಬ ಕಂಡಕ್ಟರ್ ಬಂದ. "ಹೊಸ ಮೈಕ್ ತಂದಾರೇನ್ರಿ? ಈಗ ಊರಿನ ಹೆಸರ ಭಾರೀ ಕ್ಲಿಯರ್ ಕೇಳಾಕತ್ತೈತಿ" ಎಂದ. ಮನೆಯಲ್ಲಿ ಕಸ್ತೂರಿ ಮೂರನೆಯ ದಿನ ನನ್ನ ಹಣೆ ಮುಟ್ಟಿ ನೋಡಿದಳು. "ಮೈಯಾಗ ಆರಾಮಿಲ್ಲೇನ್ರಿ?" ಎಂದಳು. ಹಾಗೇನಿಲ್ಲ ಎಂದು ತಲೆಯಾಡಿಸಿದೆ. ಅವಳು ಅವ್ವನ ಮುಖ ನೋಡಿದಳು. ಅವ್ವ, ಹೀಗೇ ಇರಲಿ ಬಿಡು ಎಂಬಂತೆ ಕೈ ಮಾಡಿದಳು. ಇಷ್ಟೆಲ್ಲ ತ್ಯಾಗ ಮಾಡಿದರೂ ದಮ್ಮು ಮಾತ್ರ ನಮ್ಮ ಯಾವ ಬಸ್ಸಿಗೂ ಇಲ್ಲದ ಶಿಸ್ತಿನಿಂದ ಆರು ಐದಕ್ಕೆ ಬರುತ್ತಲೇ ಇತ್ತು.

ತಿಂಗಳು ತುಂಬಿತೆಂದು ನೋಟುಬುಕ್ಕು ಬಗಲಲ್ಲಿಟ್ಟುಕೊಂಡು ಚಿಕ್ಕೋಡಿಗೆ ಹೋದೆವು. ಡಾಕ್ಟರಮ್ಮನಿಗೆ ವಸ್ತಿ ಬಸ್ಸಿನ ಸಿದ್ಧಾಂತವನ್ನು ಮೊದಲಿನಿಂದ ವಿವರಿಸಬೇಕೆಂದು ಗಂಟಲು ಸರಿ ಮಾಡಿಕೊಂಡೆ. ಅವರು ನನ್ನ ಕಾರಣಗಳ ಕಡೆ ನೋಡಲೇ ಇಲ್ಲ. ಕಸ್ತೂರಿ ಬರೆದ ವೇಳೆಗಳ ಮೇಲೆ ಬೆರಳು ಇಟ್ಟುಕೊಂಡು ಪುಟದಿಂದ ಪುಟಕ್ಕೆ ಇಳಿಯುತ್ತ ಹೋದರು. "ಹೆಚ್ಚೂ ಕಡಿಮಿ ಎಲ್ಲಾ ಮುಂಜಾನೆ ಆರಕ್ಕ ಬಂದಾವು. ಮಂಗಳವಾರ ಅಷ್ಟ ಒಂಬತ್ತಕ್ಕ ಬಂದೈತಿ. ನಾಕೂ ಮಂಗಳವಾರ. ಮಂಗಳವಾರ ಏನ ವಿಶೇಷ ರೀ?" ಎಂದರು. "ನನ್ನ ವಾರದ ಸೂಟಿ ರೀ" ಎಂದೆ. "ಸೂಟಿ ದಿನ ಏನ ತಡಾ ಮಾಡಿ ಮಾಡ್ತೀರಿ?" "ಏನಿಲ್ರಿ, ತಡಾ ಮಾಡಿ ಜಳಕ ಮಾಡ್ತೀನ್ರಿ." "ಬ್ಯಾರೆ ದಿನ?" "ಆರಕ್ಕ ಮಾಡ್ತೀನ್ರಿ, ಏಳಕ್ಕ ಡ್ಯೂಟಿ." "ಈ ಎರಡು ದಿನ ಖಾಲಿ ಅದಾವಲ್ಲ?" "ಆವಾಗ ನಾ ಐಗಳ್ಯಾಗಿದ್ದೆ..." ಎನ್ನುತ್ತಿರುವಾಗ ನನ್ನ ಧ್ವನಿ ತಾನಾಗಿಯೇ ಸಣ್ಣದಾಯಿತು. ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ನಿಮ್ಮ ಜಳಕದ ನೀರು ಎದರಾಗ ಕಾಯತೈತ್ರಿ?" ಕಸ್ತೂರಿ ಗೋಡೆಯ ಕ್ಯಾಲೆಂಡರನ್ನು ಬಹಳ ಆಸಕ್ತಿಯಿಂದ ನೋಡತೊಡಗಿದಳು.

ಇಲ್ಲಿ ನಮ್ಮ ಬಂಬದ ವಿಷಯ ಹೇಳಬೇಕು. ನಮ್ಮ ಅಪ್ಪ ತಂದ ತಾಮ್ರದ ಬಂಬ ಅದು. ನಡುವೆ ಹೊಗೆಯ ಕೊಳವೆ, ಸುತ್ತ ನೀರು, ಕೆಳಗೆ ಬೆಂಕಿ, ಹೊಟ್ಟೆಗೆ ಹಿತ್ತಾಳೆಯ ನಲ್ಲಿ. ಆ ನೀರಿನಲ್ಲಿ ಮೈ ತೊಳೆದರೆ ಆಗುವ ಸುಖ ನಿಮ್ಮ ಯಾವ ಕರೆಂಟಿನ ಬಿಸಿನೀರಿಗೂ ಇಲ್ಲ ಎಂದು ನಾನು ಅನೇಕ ಮದುವೆಗಳಲ್ಲಿ ಭಾಷಣ ಮಾಡಿದ್ದೇನೆ. ಮನೆಯ ಹೆಂಗಸರಿಬ್ಬರೂ ಗ್ಯಾಸಿನ ಮೇಲೆ ಒಂದು ಪಾತ್ರೆ ನೀರು ಕಾಯಿಸಿಕೊಂಡು ಮುಗಿಸುತ್ತಾರೆ. ಬಂಬ ನನಗೊಬ್ಬನಿಗೇ. ಮೊದಲು ಅದು ಹಿತ್ತಲಿನ ಬಯಲಲ್ಲಿತ್ತು. ಎರಡು ವರ್ಷದ ಹಿಂದೆ ನಮ್ಮ ಓಣಿಯಲ್ಲಿ ತಾಮ್ರದ ಹಂಡೆಗಳು ಕಳುವಾಗತೊಡಗಿದವು. ಅಪ್ಪನ ಬಂಬ ಗುಜರಿ ಮೋಡಕಾದವನ ಪಾಲಾಗಬಾರದೆಂದು ನಾನು ಅದನ್ನು ಎತ್ತಿ ತಂದು ಅಡುಗೆ ಮನೆಯ ಕಿಟಕಿಗೆ ಹೊಂದಿಕೊಂಡ ಹಿಂದಿನ ಪಡಸಾಲೆಯಲ್ಲಿ ಕೂರಿಸಿ ಬಾಗಿಲಿಗೆ ಬೀಗ ಹಾಕಿದೆ. ಮುಂಜಾನೆ ಬೇಗ ಹೊತ್ತಲಿ ಎಂದು ಅದಕ್ಕೊಂದು ಉಪಾಯವನ್ನೂ ಕಂಡುಹಿಡಿದಿದ್ದೆ. ಬಸ್ ಸ್ಟ್ಯಾಂಡಿನ ಎದುರಿನ ಪಂಕ್ಚರ್ ಅಂಗಡಿಯ ಇಸ್ಮಾಯಿಲ್ ಕೊಡುವ ಹಳೆಯ ಟ್ಯೂಬಿನ ರಬ್ಬರ್ ಪಟ್ಟಿ. ಬೆರಳುದ್ದದ ಒಂದು ಪಟ್ಟಿ ಹಚ್ಚಿ ಒಳಗೆ ಹಾಕಿದರೆ ಹಸಿ ಕಟ್ಟಿಗೆಯೂ ಉರಿಯುತ್ತದೆ. ಹಚ್ಚಿದವನು ನಾನು ಅಲ್ಲಿ ನಿಲ್ಲುತ್ತಿದ್ದೆನೇ? ಇಲ್ಲ. ನೀರು ಕಾಯುವವರೆಗೆ ಮುಂದಿನ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತ, ಪೇಪರಿನಲ್ಲಿ ಪಟ್ಟಣದ ಗಾಳಿ ಕೆಟ್ಟಿರುವ ಸುದ್ದಿ ಓದಿ ಮರುಗುತ್ತಿದ್ದೆ.

"ರಬ್ಬರ್?" ಎಂದು, ನಾನು ಇದನ್ನೆಲ್ಲ ಹೇಳಿದ ಮೇಲೆ, ಡಾಕ್ಟರಮ್ಮ ಎರಡು ಸಲ ಕೇಳಿದರು. "ಒಂದ ತಿಂಗಳ ಮಂದಿ ಮನಿ ಹೊಗಿ ಹುಡುಕೀರಿ. ದಿನಾ ಮುಂಜಾನೆ ಬೆಂಕಿ ಕಡ್ಡಿ ಗೀರಿದವ್ರು ನೀವ ಅದೀರಿ" ಎಂದರು. ಗದರಿಸಿದಂತೆಯೂ ಇರಲಿಲ್ಲ, ಅದಕ್ಕೇ ಹೆಚ್ಚು ಚುಚ್ಚಿತು. ಪಂಪು ಬಿಡಬೇಡಿ, ಬಂಬ ಬಿಡಿ ಎಂದು ಕಳಿಸಿದರು.

ತಿರುಗಿ ಬರುವಾಗ ಬಸ್ಸಿನಲ್ಲಿ ಕಸ್ತೂರಿಗೆ ಕಿಟಕಿಯ ಸೀಟು ಕೊಟ್ಟು ಪಕ್ಕದಲ್ಲಿ ಕೂತೆ. ಕಬ್ಬು ತುಂಬಿದ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ಮೆಲ್ಲಗೆ ಹೋಗುತ್ತಿತ್ತು. "ನಿನಗ ಗೊತ್ತಿತ್ತೇನ?" ಎಂದು ಕೇಳಿದೆ. "ಗೊತ್ತಿತ್ತ್ರಿ" ಎಂದಳು. "ಮತ್ತ ಹೇಳಬಾರದಿತ್ತೇನ?" ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, "ಹೇಳಿದ್ನಲ್ಲ, ಹ್ವಾದ ವರ್ಷ. ಈ ಬಂಬ ಹೊರಗ ಇಡ್ರಿ ಅಂದೆ. ಬಂಬ ಹೊರಗ ಇಟ್ರ ಕಳ್ಳ ಒಯ್ತಾನ, ನಿನ್ನ ಇಟ್ರ ತಿರಗಿ ತಂದು ಬಿಟ್ಟು ಹೊಕ್ಕಾನ ಅಂದ್ರಿ. ನನಗ ನಗಿ ಬಂತು. ನಕ್ಕ ಮ್ಯಾಲ ಕೆಮ್ಮು ಬಂತು. ಮಾತು ಅಲ್ಲೇ ಉಳೀತು" ಎಂದಳು.

ನನಗೆ ಚೆನ್ನಾಗಿ ನೆನಪಿತ್ತು. ಅಂದು ಅವಳು ಗೋಡೆ ಹಿಡಿದುಕೊಂಡು ಕೆಮ್ಮುತ್ತಿರುವಾಗ, ಜೋಕು ಭಾರೀ ಹತ್ತಿತು ಎಂದು ನಾನು ಖುಷಿಯಿಂದ ಸ್ನಾನಕ್ಕೆ ಹೋಗಿದ್ದೆ. ಇಷ್ಟು ವಯಸ್ಸಾದ ಮೇಲೆ ಬಸ್ಸಿನ ತುಂಬ ಜನರ ನಡುವೆ ಕೂತು ನಾಚಿಕೆಯಿಂದ ಕಿವಿ ಬಿಸಿಯಾಗುವುದು ಒಳ್ಳೆಯ ಅನುಭವ ಅಲ್ಲ. ತಪ್ಪಾಯಿತು ಎಂದು ಹೇಳಿದೆ. ಜೋಕು ಸೇರಿಸಲಿಲ್ಲ. ಆಮೇಲೆ ನೋಟುಬುಕ್ಕು ತೆಗೆದು, ಕಾರಣದ ಮನೆಗಳಲ್ಲಿ ಬರೆದಿದ್ದ ಅವ್ವ, ತಾರಾಬಾಯಿ, ಒಗ್ಗರಣೆ, ಜೋಕು ಎಲ್ಲದರ ಮೇಲೂ ಉದ್ದಕ್ಕೆ ಒಂದೇ ಗೆರೆ ಎಳೆದು, ಕೆಳಗೆ 'ನಾನು' ಎಂದು ಬರೆದೆ. ರವದಿಯ ಎರಡು ಸಂಜೆಗಳನ್ನು ಮಾತ್ರ ಹಾಗೇ ಬಿಟ್ಟೆ. ಎಲ್ಲವನ್ನೂ ಮೈಮೇಲೆ ಹಾಕಿಕೊಳ್ಳುವಷ್ಟು ದೊಡ್ಡ ಮನುಷ್ಯ ನಾನಲ್ಲ.

ಮನೆಗೆ ಬಂದ ಮೇಲಿನ ಕ್ಷಮಾಪಣೆಗಳನ್ನು ವಿವರವಾಗಿ ಹೇಳುವುದಿಲ್ಲ. ಅವ್ವ ಪೂರ್ತಿ ಕೇಳಿಸಿಕೊಂಡು, ನನ್ನಿಂದಲೇ ಇನ್ನೊಮ್ಮೆ ಹೇಳಿಸಿ, "ದೇವರಿಗೆ ಹಾಕಿದ ಹೊಗಿ ವಸ್ತಿ ಬಸ್ಸ ಆತು, ನಿನ್ನ ಡುಬ್ಬ ತೊಳ್ಯಾಕ ನೀರ ಕಾಸಿದ ಹೊಗಿ ಏನ ಎಕ್ಸ್‌ಪ್ರೆಸ್ಸೇನು?" ಎಂದಳು. ಮಗ ಕಂಟ್ರೋಲರ್ ಆಗಿರುವುದರಿಂದ ಅವಳಿಗೂ ಈ ಭಾಷೆ ಬರುತ್ತದೆ. ಆದರೂ ಲೋಬಾನವನ್ನು ಮಾತ್ರ ತುಳಸಿಕಟ್ಟೆಯಲ್ಲೇ ಉಳಿಸಿಕೊಂಡಳು. ತಾರಾಬಾಯಿ, "ಜಾಊ ದ್ಯಾ ಸಾಹೇಬ್ರ, ಹೊಲದಾಗ ಹುರದ್ರ ಗಾಳಿ ಚಲೋ ಬರತೈತಿ" ಎಂದು ದೊಡ್ಡ ಮನಸ್ಸಿನಿಂದ ಬಿಟ್ಟುಬಿಟ್ಟರು. ಆದರೆ ಅಂದಿನಿಂದ ನಾನು ಅಂಗಳಕ್ಕೆ ಬಂದಾಗಲೆಲ್ಲ ಗೋಡೆಯ ಆಚೆಯಿಂದ ಸುಮ್ಮಸುಮ್ಮನೆ ಒಂದು ಕೆಮ್ಮು ಕೆಮ್ಮುತ್ತಾರೆ. ಇಸ್ಮಾಯಿಲ್ ನನಗಾಗಿ ಎತ್ತಿಟ್ಟಿದ್ದ ಟ್ಯೂಬಿನ ಪಟ್ಟಿಗಳನ್ನು ಯಾರೋ ಗಿಡ ಕಟ್ಟಲು ಒಯ್ದರು. ಬಂಬವನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ, ಪಡಸಾಲೆಯ ಮೂಲೆಯಲ್ಲಿ ನಿವೃತ್ತರನ್ನು ಕೂರಿಸುವಂತೆ ಕೂರಿಸಿದ್ದೇವೆ. ಮೇಲ್ಛಾವಣಿಗೆ ಸೋಲಾರ್ ಬಂತು.

ಸೋಲಾರ್ ಹಾಕಿದ ಪ್ಲಂಬರ್ ಒಂದು ಸಣ್ಣ ತಪ್ಪು ಮಾಡಿದ್ದ. ಕೆಂಪು ಗುರುತಿನ ನಲ್ಲಿಗೆ ತಣ್ಣೀರಿನ ಪೈಪು ಜೋಡಿಸಿದ್ದ. ಮೊದಲ ಮುಂಜಾನೆ, ಮಾಘದ ಚಳಿಯಲ್ಲಿ, ನಾನು ಕೆಂಪು ನಲ್ಲಿಯ ಮೇಲೆ ಪೂರ್ಣ ವಿಶ್ವಾಸ ಇಟ್ಟು ಬಕೀಟು ತುಂಬಿಸಿಕೊಂಡು, ದೇವರ ಹೆಸರು ಹೇಳಿ ಒಂದು ದೊಡ್ಡ ತಂಬಿಗೆ ತಲೆಯ ಮೇಲೆ ಸುರಿದುಕೊಂಡೆ. "ಯವ್ವಾ! ಸತ್ತೆನ್ಯೋ!" ಎಂದು ನಾನು ಕೂಗಿದ್ದು ಮೈಕ್ ಇಲ್ಲದೆ ಬಸ್ ಸ್ಟ್ಯಾಂಡಿನವರೆಗೆ ಹೋಗಿರಬೇಕು. ಆಗ ಅಡುಗೆ ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತು. ಒಂದು ಸಣ್ಣ ನಗು ಕೇಳಿಸಿತು. ತಡೆಯಲು ನೋಡಿದಳು, ಆಗಲಿಲ್ಲ. ದೊಡ್ಡದಾಯಿತು. ನಾನು ಟವಲ್ ಸುತ್ತಿಕೊಂಡು, ಹಲ್ಲು ಕಟಕಟ ಎನ್ನುತ್ತಿದ್ದರೂ ಬಾಗಿಲಿಗೆ ಕಿವಿ ಹಚ್ಚಿ ನಿಂತೆ. ಈಗ ಕೆಮ್ಮು ಬರುತ್ತದೆ, ಈಗ ಬರುತ್ತದೆ ಎಂದು ಕಾದೆ. ನಗು ಗೋಡೆ ಹಿಡಿದುಕೊಳ್ಳುವವರೆಗೆ ಹೋಗಿ, ಅಲ್ಲಿ ಸ್ವಲ್ಪ ನಿಂತು, ಒಂದು ಉದ್ದನೆಯ ಉಸಿರು ತೆಗೆದುಕೊಂಡು ತಾನಾಗಿ ಮುಗಿಯಿತು. ಕೆಮ್ಮು ಬರಲಿಲ್ಲ. ದಿಗ್ಗೇವಾಡಿಯ ಒಳಮನೆಯಿಂದ ಕೇಳಿದ್ದ ಅದೇ ನಗು. ನನಗೆ ಕಣ್ಣಲ್ಲಿ ನೀರು ಬಂತು. ಚಳಿಗೆ ಎಂದು ಹೇಳಿದರೂ ಯಾರೂ ನಂಬುವುದಿಲ್ಲ.

ದಮ್ಮು ಪೂರ್ತಿ ಹೋಗಿದೆ ಎಂದಲ್ಲ. ರವದಿ ಸುಟ್ಟ ದಿನ, ನೆಗಡಿ ಆದ ದಿನ ಬರುತ್ತದೆ. ಪಂಪು ಕಪಾಟಿನಲ್ಲಿ ದೇವರ ಕುಂಕುಮದ ಪಕ್ಕದಲ್ಲೇ ಇದೆ, ಅವ್ವನೇ ನೆನಪು ಮಾಡಿ ಕೊಡುತ್ತಾಳೆ. ಆದರೆ ಆರು ಐದರ ಸರ್ವಿಸು ರದ್ದಾಗಿದೆ. ಎಂಟು ದಿನದ ನಂತರ ಪ್ಲಂಬರ್ ಬಂದು ಪೈಪು ಅದಲು ಬದಲು ಮಾಡಿ ಹೋದ. ಈಗ ಕೆಂಪು ನಲ್ಲಿಯಲ್ಲಿ ಹೊಗೆಯಾಡುವಂಥ ಬಿಸಿನೀರು ಬರುತ್ತದೆ. ಅಂದು ಏಕಾದಶಿ, ಕಸ್ತೂರಿ ತವರಿಗೆ ಹೋಗಿ ಸಂಜೆ ಬಂದಳು, ಪೈಪಿನ ವಿಷಯ ಅವಳಿಗೆ ನಾನು ಹೇಳಿಲ್ಲ. ಸೂಟಿಯ ದಿನವೂ ಬಿಡದೆ, ದಿನಾ ಆರು ಹತ್ತಕ್ಕೆ ಬಿಸಿಬಿಸಿ ನೀರನ್ನು ಹಿತವಾಗಿ ಮೈಮೇಲೆ ಹಾಕಿಕೊಂಡು, ಒಂದು ಕ್ಷಣ ಸುಖಪಟ್ಟು, ಆಮೇಲೆ "ಯವ್ವಾ, ಸತ್ತೆನ್ಯೋ!" ಎಂದು ಕೂಗುತ್ತೇನೆ. ಅವಳು ದಿನಾ ನಗುತ್ತಾಳೆ. ಬಸ್ ಸ್ಟ್ಯಾಂಡಿನಲ್ಲಿ ಇಷ್ಟು ವರ್ಷ ಹೇಳಿದ ಯಾವ ಜೋಕೂ ಇಷ್ಟು ಖಾತ್ರಿಯಾಗಿ ನಡೆದಿರಲಿಲ್ಲವೆಂದು ನಾನು ಒಳಗೊಳಗೇ ಬೀಗುತ್ತಿದ್ದೆ.

ಮೊನ್ನೆ ಡಾಕ್ಟರಮ್ಮನಿಗೆ ತೋರಿಸಲೆಂದು ನೋಟುಬುಕ್ಕು ತೆಗೆದೆ. ಸೋಲಾರ್ ಬಂದ ಮೇಲಿನ ದಮ್ಮಿನ ಪುಟಗಳು ಬಹುತೇಕ ಖಾಲಿ ಬಿದ್ದಿದ್ದವು. ಕೊನೆಯ ಪುಟದಲ್ಲಿ ಮಾತ್ರ ಕಸ್ತೂರಿಯ ಅಕ್ಷರ. ಮೇಲೆ 'ನಗಿ' ಎಂದು ಬರೆದು ಕೆಳಗೆ ಗೆರೆ ಎಳೆದಿದ್ದಳು. ಬಂದ ವೇಳೆ: ದ್ವಾದಶಿ ಮುಂಜಾನೆ ಆರು ಹತ್ತು. ಅದರ ಕೆಳಗೆ ಮಾರನೆಯ ದಿನ, ಅದರ ಕೆಳಗೆ ಅದರ ಮಾರನೆಯ ದಿನ, ಆರು ಹತ್ತು, ಆರು ಹತ್ತು. ಕಾರಣದ ಮನೆಯನ್ನು ಈ ಸಲ ನನಗೆ ಬಿಟ್ಟಿರಲಿಲ್ಲ, ತಾನೇ ತುಂಬಿದ್ದಳು.

"ನೀರ ಬಿಸಿ ಇದ್ರೂ ಕೂಗತಾರ."